ಗೇರಿಲ್ಲದ ಗಾಡಿಯ ವಂಶಾವಳಿ

ನಮ್ಮ ಮನೆತನದ ಹಿರಿಯರ ಬಗ್ಗೆ ಕೇಳಿದರೆ ಅಪ್ಪ ಮುತ್ತಜ್ಜನ ಹತ್ತಿರ ಬಂದು ತಡವರಿಸುತ್ತಿದ್ದ. ಅದಕ್ಕೂ ಹಿಂದೆ ಹೋದರೆ “ಇದ್ರು ಯಾರೋ” ಎಂದು ಕೈ ಬೀಸಿಬಿಡುತ್ತಿದ್ದ. ಆದರೆ ತಾನು ಓಡಿಸುತ್ತಿದ್ದ ಮೊಪೆಡ್ಡಿನ ಕಂಪನಿಯ ಹಿರಿಯರ ಬಗ್ಗೆ ಯಾರೂ ಕೇಳಬೇಕಾಗಿಯೇ ಇರಲಿಲ್ಲ. ಯಾರೋ ಪುಣ್ಯಾತ್ಮರು ದಕ್ಷಿಣದ ಕಡೆ ಬಸ್ಸು ಓಡಿಸಲು ಶುರು ಮಾಡಿದ್ದು, ಆ ಬಸ್ಸು ಒಮ್ಮೆಯೂ ದಾರಿಯಲ್ಲಿ ಕೆಟ್ಟು ನಿಲ್ಲದೇ ಇದ್ದದ್ದು, ಮಕ್ಕಳು ಲಾರಿಯ ಸಾಮಾನು ಮಾಡಿದ್ದು, ಮೊಮ್ಮಕ್ಕಳು ನಮ್ಮಂಥವರ ಮೇಲೆ ಕರುಣೆ ಬಂದು ಮೊಪೆಡ್ಡು ಮಾಡಿದ್ದು, ಇಷ್ಟನ್ನೂ ಮನೆಗೆ ಬಂದ ನೆಂಟರು ಚಹಾ ಕುಡಿದು ಮುಗಿಸುವುದರೊಳಗೆ ಹೇಳಿಬಿಡುತ್ತಿದ್ದ. ಇದರಲ್ಲಿ ಎಷ್ಟು ನಿಜ, ಎಷ್ಟು ಅಪ್ಪನ ಕೈಚಳಕ ಎಂಬುದು ನನಗೆ ಇವತ್ತಿಗೂ ಗೊತ್ತಿಲ್ಲ. ಆ ಕಂಪನಿಯವರೇ ಬಂದು ಕೂತು ಕೇಳಿದ್ದರೆ ತಮ್ಮ ಮನೆತನ ಇಷ್ಟು ದೊಡ್ಡದೇ ಎಂದು ಬೆರಗಾಗುತ್ತಿದ್ದರು.

ಅಪ್ಪನದು ಖಣ, ಸೀರೆ ಮಾರುವ ವ್ಯಾಪಾರ. ಮನೆ ಕೂಡ್ಲಿಗಿಯಲ್ಲಿ, ಅಂಗಡಿ ಮೊಪೆಡ್ಡಿನ ಮೇಲೆ. ಒಂದು ದಿನ ಕೊಟ್ಟೂರು ಸಂತೆ, ಒಂದು ದಿನ ಹಗರಿಬೊಮ್ಮನಹಳ್ಳಿ, ಮತ್ತೊಂದು ದಿನ ಹಡಗಲಿಯೋ ಹರಪನಹಳ್ಳಿಯೋ. ದೊಡ್ಡ ಗಂಟನ್ನು ಹಿಂದೆ ಕಟ್ಟಿ, ಸಣ್ಣ ಗಂಟನ್ನು ಮುಂದೆ ಕಾಲ ಸಂದಿಯಲ್ಲಿಟ್ಟುಕೊಂಡು ಹೊರಟರೆ ದೂರದಿಂದ ನೋಡಿದವರಿಗೆ ಎರಡು ಗಂಟು, ನಡುವೆ ಒಂದು ಬಿಳಿ ಟೋಪಿ ಅಷ್ಟೇ ಕಾಣುತ್ತಿತ್ತು. ಬೆಳಗ್ಗೆ ಮುಖ ತೊಳೆದು ವಿಭೂತಿ ಹಚ್ಚಿಕೊಂಡ ಮೇಲೆ ಅಪ್ಪನ ಎರಡನೆಯ ಪೂಜೆ ಆ ಗಾಡಿಯದು. ಅದಕ್ಕೆ ಪೆಟ್ರೋಲಿನಲ್ಲಿ ಎಣ್ಣೆ ಕಲಸಿ ಹಾಕಬೇಕಿತ್ತು. ಬಂಕಿನವರು ಹಾಕುವ ಎಣ್ಣೆಯ ಮೇಲೆ ಅಪ್ಪನಿಗೆ ನಂಬಿಕೆಯಿಲ್ಲ. ಕೆಮ್ಮಿನ ಔಷಧದ ಹಳೆಯ ಬಾಟಲಿಯಲ್ಲಿ ಎಣ್ಣೆ ತುಂಬಿಟ್ಟುಕೊಂಡು, ಅದರ ಮುಚ್ಚಳದಲ್ಲೇ ಅಳೆದು, ಕೂಸಿಗೆ ಕುಡಿಸುವ ಹಾಗೆ ನಿಧಾನವಾಗಿ ಹಾಕುತ್ತಿದ್ದ. ಆ ಬಾಟಲಿಯಲ್ಲಿ ಔಷಧ ಇದ್ದ ಕಾಲದಲ್ಲಿ ನಮಗೆ ಅದನ್ನು ಕುಡಿಸಿದವಳು ಅವ್ವ. ಅಪ್ಪ ಆಗ ಸಂತೆಯಲ್ಲಿರುತ್ತಿದ್ದ.

ಮೊಪೆಡ್ಡನ್ನು ಬೇರೆಯವರು ಮುಟ್ಟುವ ಹಾಗಿರಲಿಲ್ಲ. ಅಣ್ಣ ಕಾಲೇಜಿಗೆ ಹೋಗುವ ವಯಸ್ಸಿನಲ್ಲಿ ಒಮ್ಮೆ ಸೀಟಿನ ಮೇಲೆ ಕೂತದ್ದಕ್ಕೆ ಓಣಿಯೆಲ್ಲ ಕೇಳುವ ಹಾಗೆ ಬೈಸಿಕೊಂಡಿದ್ದ. ತೊಳೆಯುವುದಕ್ಕೆ ಮಾತ್ರ ಅವ್ವನಿಗೆ ಪೂರ್ತಿ ಅಧಿಕಾರ. ಪ್ರತಿ ಅಮಾವಾಸ್ಯೆಗೆ ಅಂಗಳದಲ್ಲಿ ನಿಲ್ಲಿಸಿ ಕೊಡಪಾನ ಕೊಡಪಾನ ನೀರು ಹೊಯ್ದು, ಚಕ್ರದ ಕಡ್ಡಿಗಳನ್ನು ಒಂದೊಂದಾಗಿ ಒರೆಸಿ, ಆಯುಧ ಪೂಜೆಗೆ ಕುಂಬಳಕಾಯಿ ಒಡೆಸಿ, ಅರಿಶಿನ ಕುಂಕುಮ ಹಚ್ಚಿ, ಎಲ್ಲಾ ಅವಳೇ. ಅಷ್ಟೆಲ್ಲ ಮಾಡಿದ ಮೇಲೆ ಅಪ್ಪ ಬಂದು ಒಂದು ಸುತ್ತು ಹಾಕಿ ನೋಡಿ, “ಈ ಮಡ್ಗಾರ್ಡಿನ ಕೆಳಗ ಕೈ ಹಾಕಿಲ್ಲ ನೀನು” ಎನ್ನುತ್ತಿದ್ದ. ಆ ಗಾಡಿಯ ಮೈಯನ್ನು ಅಪ್ಪನಿಗಿಂತ ಚೆನ್ನಾಗಿ ಬಲ್ಲವಳು ಅವ್ವ. ಹತ್ತಿದವಳು ಮಾತ್ರ ಅಲ್ಲ.

ಅವ್ವನ ತವರು ಗುಡೇಕೋಟೆ. ಕೂಡ್ಲಿಗಿಯಿಂದ ಹೊರಟರೆ ಮುಂಜಾನೆಯ ಉಪ್ಪಿಟ್ಟು ಕರಗುವುದರೊಳಗೆ ಮುಟ್ಟಬಹುದಾದ ಊರು. ನಮ್ಮ ಮನೆಯ ಲೆಕ್ಕದಲ್ಲಿ ಮಾತ್ರ ಅದು ಕಾಶಿಗಿಂತ ದೂರ. ಯಾಕೆಂದರೆ ನಮ್ಮ ಮನೆಯಲ್ಲಿ ಒಂದು ಘನವಾದ ಕಟ್ಟಳೆ ಇತ್ತು. ಮನೆಯಲ್ಲಿ ಗಾಡಿ ಇದ್ದ ಮೇಲೆ ಹೆಣ್ಣುಮಕ್ಕಳು ಬಸ್‌ಸ್ಟ್ಯಾಂಡಿನಲ್ಲಿ ನಿಲ್ಲಬಾರದು. ನಿಂತರೆ ನಾಲ್ಕು ಜನ ನೋಡುತ್ತಾರೆ, ನೋಡಿದವರು ಅಪ್ಪನಿಗೆ ಸಂತೆಯಲ್ಲಿ ಹೇಳುತ್ತಾರೆ, ಹೇಳಿದರೆ ಮರ್ಯಾದೆ ಹೋಗುತ್ತದೆ. ಆದ್ದರಿಂದ ಬಸ್ಸಿಲ್ಲ. ಗಾಡಿ? ಅಪ್ಪನ ಗಾಡಿ ಸಂತೆಗೆ. ಅಣ್ಣನಿಗೆ ಆಮೇಲೆ ಒಂದು ಮೋಟಾರ್ ಸೈಕಲ್ ಬಂತು, ಅದು ಬಂದ ದಿನದಿಂದಲೂ ಅಣ್ಣನಿಗೆ ಪುರುಸೊತ್ತಿಲ್ಲ. ಹೀಗೆ ಗಾಡಿಗಳು ಹೆಚ್ಚಾದಷ್ಟೂ ಅವ್ವನ ತವರು ದೂರವಾಗುತ್ತಾ ಹೋಯಿತು. ಗಾಡಿಯೇ ಇಲ್ಲದ ಪಕ್ಕದ ಮನೆಯವಳು ಬಸ್ಸು ಹತ್ತಿ ತಿಂಗಳಿಗೊಮ್ಮೆ ತವರಿಗೆ ಹೋಗಿ ಬದನೆಕಾಯಿ ತರುತ್ತಿದ್ದಳು. ಅದರಲ್ಲಿ ನಾಲ್ಕು ನಮ್ಮ ಮನೆಗೂ ಕೊಡುತ್ತಿದ್ದಳು.

ಅಣ್ಣ ಒಮ್ಮೆ ಅವ್ವನನ್ನು ಕರೆದುಕೊಂಡು ಹೋಗಿದ್ದ, ಸುಳ್ಳು ಹೇಳಬಾರದು. ಹೋಗಿ, ಅಲ್ಲಿ ಗಾಡಿ ಆಫ್ ಮಾಡದೆಯೇ ನಿಂತು, “ಜಲ್ದಿ ಮಾತಾಡಿ ಬಾ” ಎಂದಿದ್ದ. ಆ ಉಪಕಾರವನ್ನು ಮೂರು ವರ್ಷ ಬಂದವರಿಗೆಲ್ಲ ಹೇಳಿದ. “ನಮ್ಮವ್ವನ್ನ ಗುಡೇಕೋಟಿಗೆ ಕರಕೊಂಡು ಹೋಗಿದ್ನಲ್ಲ, ಅವಾಗ...” ಎಂದು ಶುರುವಾದರೆ ಅವ್ವ ಎದ್ದು ಒಳಗೆ ಹೋಗುತ್ತಿದ್ದಳು.

ತವರಿನಲ್ಲಿ ಇದ್ದವಳು ನಮ್ಮ ದೊಡ್ಡವ್ವ, ಅವ್ವನ ಅಕ್ಕ. ಗಂಡುಮಕ್ಕಳಿಲ್ಲದ ಮನೆ ಅದು. ದೊಡ್ಡಪ್ಪ ಮನೆಯಳಿಯನಾಗಿ ಬಂದು ಅಲ್ಲೇ ತೀರಿಕೊಂಡಿದ್ದ. ದೊಡ್ಡವ್ವನ ಮಗ ಲಾರಿ ಡ್ರೈವರ್, ಮನೆಯಲ್ಲಿರುವುದಕ್ಕಿಂತ ರಸ್ತೆಯ ಮೇಲೆ ಇರುವುದೇ ಹೆಚ್ಚು. ಪಂಚಮಿ ಹಬ್ಬಕ್ಕೆ ನಮ್ಮ ಕಡೆ ಹೆಣ್ಣುಮಕ್ಕಳನ್ನು ತವರಿನಿಂದ ಕರೆಯಲು ಬರಬೇಕು. ಅಣ್ಣನೋ ತಮ್ಮನೋ ಬಂದು ಕೂತು, ಉಂಡು, ಕರೆದುಕೊಂಡು ಹೋಗಬೇಕು. ಅವ್ವನನ್ನು ಕರೆಯಲು ಬರುವವರೇ ಇರಲಿಲ್ಲ. ಓಣಿಯ ಹೆಂಗಸರೆಲ್ಲ ಹೊಸ ಬಳೆ ಹಾಕಿಕೊಂಡು ಹೊರಡುವಾಗ ಅವ್ವ ಅವರ ಮನೆಗಳ ಬೀಗದ ಕೈ ಇಸಿದುಕೊಂಡು, ಅವರ ಎಮ್ಮೆಗಳಿಗೆ ನೀರು ಕುಡಿಸುತ್ತಿದ್ದಳು. ದೊಡ್ಡವ್ವ ಗುಡೇಕೋಟೆಯಲ್ಲಿ ನಾಗಪ್ಪನಿಗೆ ಹಾಲೆರೆಯುವಾಗ ಎಲ್ಲರ ಹೆಸರು ಹೇಳಿ “ಅಪ್ಪನ ಪಾಲು, ಅವ್ವನ ಪಾಲು” ಎಂದು ಎರೆದು, ಕೊನೆಗೆ ನಮ್ಮವ್ವನ ಪಾಲನ್ನೂ ತಾನೇ ಎರೆಯುತ್ತಿದ್ದಳಂತೆ. ಇದನ್ನು ಬಸ್ಸಿನ ಕಂಡಕ್ಟರ್ ಕೈಯಲ್ಲಿ ಪ್ರತಿ ವರ್ಷ ಹೇಳಿ ಕಳಿಸುತ್ತಿದ್ದಳು. ಆ ಕಂಡಕ್ಟರ್‌ಗೂ ಬಾಯಿಪಾಠವಾಗಿತ್ತು.

ಎರಡು ಸಾವಿರದ ಇಸವಿ ದಾಟಿದ ಮೇಲೆ ನನಗೆ ಕೊಟ್ಟೂರು ರಸ್ತೆಯ ಒಂದು ಹಳ್ಳಿಯಲ್ಲಿ ಟೀಚರ್ ಕೆಲಸ ಸಿಕ್ಕಿತು. ಸರ್ಕಾರಿ ನೌಕರಿ ಎಂದ ಕೂಡಲೇ ಬಸ್‌ಸ್ಟ್ಯಾಂಡಿನ ಕಟ್ಟಳೆ ತನ್ನಷ್ಟಕ್ಕೆ ತಾನೇ ಸಡಿಲವಾಯಿತು. ಸಂಬಳ ಬರುವ ಹೆಣ್ಣುಮಗಳನ್ನು ನಾಲ್ಕು ಜನ ನೋಡಿದರೆ ಮರ್ಯಾದೆ ಹೋಗುವುದಿಲ್ಲ ಎಂದು ಅಪ್ಪ ಕಂಡುಕೊಂಡ. ಆದರೆ ಆ ಬಸ್ಸು ಬಂದರೆ ಬಂತು, ಇಲ್ಲದಿದ್ದರೆ ಇಲ್ಲ. ಮಕ್ಕಳು ಪ್ರಾರ್ಥನೆ ಮುಗಿಸಿ ತಮಗೆ ತಾವೇ ಮಗ್ಗಿ ಹೇಳಿಕೊಂಡು ಕೂತಿರುತ್ತಿದ್ದವು. ಕೊನೆಗೆ ನಾನೊಂದು ಸ್ಕೂಟರ್ ತಗೊಳ್ಳುತ್ತೇನೆ ಎಂದೆ. ಗೇರಿಲ್ಲದ, ಬಟನ್ ಒತ್ತಿದರೆ ಶುರುವಾಗುವ, ಸಣ್ಣದು.

ಅಪ್ಪ ಕೇಳಿದ ಮೊದಲ ಪ್ರಶ್ನೆ, “ಯಾವ ಕಂಪನಿದು?”

ಹೇಳಿದೆ. ಅವನ ಮೊಪೆಡ್ಡಿನ ಕಂಪನಿಯದೇ. ಅಪ್ಪನ ಮುಖ ಅರಳಿತು, ಮರುಕ್ಷಣವೇ ಗಂಟಿಕ್ಕಿತು. ಮನೆತನ ಒಳ್ಳೆಯದು, ಹುಡುಗ ಮಾತ್ರ ಮೆತ್ತಗಿದ್ದಾನೆ ಎಂದು ಕೇಳಿಬಂದಾಗ ಹೆಣ್ಣಿನ ತಂದೆಗೆ ಆಗುವಂಥ ಸಂಕಟ ಅದು. “ಕಂಪನಿಗೇನು ಕಮ್ಮಿಲ್ಲ. ಆದ್ರ ಗೇರಿಲ್ಲದ್ದು ಅದೇನು ಗಾಡಿನಾ? ಗಾಡಿ ಅಂದ್ರ ಒಂದು ಹದ ಇರ್ತೈತಿ. ಕೈಕಾಲು ಎಲ್ಲಾ ಕೆಲಸ ಮಾಡಬೇಕು. ಇದು ಹುಡುಗರ ಆಟಿಗಿ ಸಾಮಾನು” ಎಂದ. ಗೇರಿನ ಮೋಟಾರ್ ಸೈಕಲ್ ಇದ್ದ ಅಣ್ಣ ಪಕ್ಕದಲ್ಲಿ ಕೂತು ಗೋಣು ಆಡಿಸಿದ. ಹೆಂಗಸರ ತಲೆಯಲ್ಲಿ ಕ್ಲಚ್ಚು ಗೇರು ನಿಲ್ಲುವುದಿಲ್ಲ, ಅದಕ್ಕೇ ಕಂಪನಿಯವರು ಪಾಪ ಹೀಗೊಂದು ಮಾಡಿಕೊಟ್ಟಿದ್ದಾರೆ ಎಂದು ಅವನ ಅಭಿಪ್ರಾಯ. ಬಾಗಿಲಲ್ಲಿ ಕೂತು ಅವರೆಕಾಯಿ ಬಿಡಿಸುತ್ತಿದ್ದ ಅವ್ವ ತಲೆ ಎತ್ತಿ, “ಗೇರಿಲ್ಲ ಅಂದ್ರ ಯಾರಾದ್ರೂ ಓಡಸಬಹುದೇನು?” ಎಂದು ಕೇಳಿದಳು. ಅಪ್ಪ ಅಣ್ಣನ ಕಡೆ ತಿರುಗಿ ಮೈಲೇಜಿನ ಮಾತು ತೆಗೆದ, ಕೇಳಿದವಳು ಅವ್ವ ತಾನೇ.

ಹೊಸಪೇಟೆಯ ಶೋರೂಮಿಗೆ ಅಪ್ಪ ಬೀಗರ ಮನೆಗೆ ಹೋಗುವ ಹಾಗೆ ಇಸ್ತ್ರಿ ಅಂಗಿ ಹಾಕಿಕೊಂಡು ಬಂದ. ಅಲ್ಲಿಯ ಸೇಲ್ಸ್‌ಮನ್‌ಗೆ ಅವನದೇ ಕಂಪನಿಯ ಪೂರ್ವೋತ್ತರವನ್ನು ಬಸ್ಸಿನಿಂದ ಶುರು ಮಾಡಿ ಹೇಳಿದ. ಅವನು ಮಾರುವ ಕೆಲಸ ಬಿಟ್ಟು “ಹೌದೇನ್ರಿ?” ಎಂದು ಕೇಳಿದ. ನಂತರ ತನ್ನ ಪಾಳಿ ಬಂದಾಗ, ಇದರ ಎಂಜಿನ್ನೇ ಬೇರೆ ನಮೂನೆಯದು, ಎಂಜಿನ್ ಆಯಿಲ್ ಕೆಳಗೆ ಬೇರೆ ಇರುತ್ತದೆ, ಟ್ಯಾಂಕಿಗೆ ಬರೀ ಪೆಟ್ರೋಲು ಹಾಕಬೇಕು ಎಂದು ಬಿಡಿಸಿ ಹೇಳಿದ. “ಮೊಪೆಡ್ಡಿಗೆ ಹಾಕಿದಂಗ ಇದಕ್ಕ ಎಣ್ಣಿ ಕಲಸಬ್ಯಾಡ್ರಿ ಯಜಮಾನ್ರ. ಹೊಗಿ ಬಂದು ಪ್ಲಗ್ ಕಟ್ಕೊಂಡು ನಿಂತುಬಿಡ್ತೈತಿ.”

ಅಪ್ಪ ನಕ್ಕ. ಹೊರಗೆ ಬಂದ ಮೇಲೆ ನನಗೆ ಹೇಳಿದ. “ನಿನ್ನೆ ಕೆಲಸಕ್ಕ ಸೇರ್ಯಾನ. ಅವನಿಗೇನು ತಿಳಿತೈತಿ? ಆ ಕಂಪನಿ ಹೊಟ್ಟಿಲೆ ಹುಟ್ಟಿದ್ದು ಎಣ್ಣಿ ಬ್ಯಾಡ ಅಂತೈತೇನು?”

ಸ್ಕೂಟರ್ ಮನೆಗೆ ಬಂದ ದಿನದಿಂದ ಅದರ ಕೀಲಿಯನ್ನು ನಾನು ಬ್ಯಾಗಿನಲ್ಲೇ ಇಟ್ಟುಕೊಂಡೆ. ಟ್ಯಾಂಕಿನ ಬಾಯಿ ಸೀಟಿನ ಕೆಳಗಿತ್ತು, ಸೀಟು ತೆಗೆಯಲು ಕೀಲಿ ಬೇಕು. ಆ ಒಂದು ಕಾರಣಕ್ಕೆ ಕಂಪನಿಯವರ ಮೇಲೆ ನನಗೂ ಗೌರವ ಹುಟ್ಟಿತು. ಅಪ್ಪ ಸಂಜೆ ಹೊತ್ತು ಅದರ ಸುತ್ತ ತಿರುಗಿ, ಸೈಲೆನ್ಸರಿಗೆ ಮೂಗು ಹಿಡಿದು, “ವಾಸನಿನ ಇಲ್ಲ, ಪಾಪ ಒಣಗೈತಿ” ಎಂದು ಮರುಗುತ್ತಿದ್ದ.

ಅವ್ವ ನನ್ನ ಹತ್ತಿರ ಗಾಡಿ ಕಲಿಸು ಎಂದು ಕೇಳಿದ್ದು ಒಂದು ಬೆಳಗ್ಗೆ ಹಿತ್ತಲಲ್ಲಿ, ಪಾತ್ರೆ ತಿಕ್ಕುತ್ತಾ, ನನ್ನ ಕಡೆ ನೋಡದೆ. ನಾನು ಕರೆದುಕೊಂಡು ಹೋಗುತ್ತೇನಲ್ಲ, ಎಲ್ಲಿಗೆ ಬೇಕೋ ಹೇಳು ಎಂದೆ. “ನಿಮ್ಮಣ್ಣ ಕರಕೊಂಡು ಹೋದ್ರ ಅವನು ಹೇಳ್ತಾನ. ನೀ ಕರಕೊಂಡು ಹೋದ್ರ ನೀ ಹೇಳ್ತಿ. ನಾನ ಹೋದ್ರ ಯಾರೂ ಏನೂ ಹೇಳಂಗಿಲ್ಲ” ಎಂದಳು. ನನಗೆ ಮುಖಕ್ಕೆ ನೀರು ಎರಚಿದ ಹಾಗಾಯಿತು. ಮರುದಿನವೇ ಶುರು ಮಾಡಿದೆವು.

ಕಲಿಸಿದ್ದು ಸಂತೆ ಮೈದಾನದಲ್ಲಿ, ಸಂತೆಯಿಲ್ಲದ ದಿನಗಳ ಬೆಳಗ್ಗೆ. ನಲವತ್ತು ದಾಟಿದ ಹೆಂಗಸು ಸೀರೆ ಎತ್ತಿ ಕಟ್ಟಿ ಸ್ಕೂಟರ್ ಮೇಲೆ ಕೂತದ್ದನ್ನು ನೋಡಲು ಕೂಡ್ಲಿಗಿಯಲ್ಲಿ ಇಷ್ಟು ಜನಕ್ಕೆ ಬೆಳಗ್ಗೆ ಪುರುಸೊತ್ತು ಇರುತ್ತದೆ ಎಂದು ನನಗೆ ಗೊತ್ತಿರಲಿಲ್ಲ. ಹಲ್ಲಿಗೆ ಬೇವಿನ ಕಡ್ಡಿ ಇಟ್ಟುಕೊಂಡು ಬಂದವರು ಹಲ್ಲುಜ್ಜುವುದನ್ನೇ ಮರೆತು ನಿಂತಿರುತ್ತಿದ್ದರು. ಒಬ್ಬರಾದರೂ ಸುಮ್ಮನಿರಬೇಕಲ್ಲ, “ಮುಂದ ನೋಡ್ರಿ ಅಕ್ಕಾರ”, “ಬ್ರೇಕ್ ಹಿಡೀರಿ”, “ಬ್ರೇಕ್ ಬಿಡ್ರಿ”. ಸೈಕಲ್ಲೂ ಹೊಡೆಯಲು ಬಾರದವರೇ ಹೆಚ್ಚು ಹೇಳಿಕೊಟ್ಟರು. ಅವ್ವ ಯಾರ ಮಾತನ್ನೂ ಕಿವಿಗೆ ಹಾಕಿಕೊಳ್ಳಲಿಲ್ಲ. ಒಮ್ಮೆ ತರಕಾರಿ ಕಟ್ಟೆಗೆ ಗುದ್ದಿದಳು, ಒಮ್ಮೆ ಮಲಗಿದ್ದ ನಾಯಿಯನ್ನು ಎಬ್ಬಿಸಿದಳು. ಮಳೆಗಾಲ ಶುರುವಾಗುವ ಹೊತ್ತಿಗೆ ಹೈಸ್ಕೂಲಿನವರೆಗೆ ಹೋಗಿ ತಿರುಗಿಸಿಕೊಂಡು ಬರುತ್ತಿದ್ದಳು. “ಬಲಗೈ ತಿರುವಿದ್ರ ಹೋಗ್ತೈತಿ, ಎರಡೂ ಕೈ ಹಿಡಿದ್ರ ನಿಲ್ತೈತಿ. ಇಷ್ಟಕ್ಕ ಗಂಡಸರು ಅಷ್ಟು ಮೀಸಿ ತಿರುವತಾರೇನು?” ಎಂದು ನನ್ನನ್ನು ಕೇಳಿದಳು.

ಆ ವರ್ಷ ಪಂಚಮಿಗೆ ಮುಂಚೆ ಕಂಡಕ್ಟರ್ ಬೇರೆಯದೇ ಮಾತು ತಂದ. ದೊಡ್ಡವ್ವನಿಗೆ ಹಾಸಿಗೆಯಿಂದ ಏಳುವುದೇ ಕಷ್ಟವಾಗಿದೆ. ಹಾಲೆರೆಯಲು ಎದ್ದೇ ಏಳುತ್ತಾಳಂತೆ, ಆದರೆ ಈ ಸಲ ತಂಗಿಯ ಪಾಲು ತಂಗಿಯೇ ಬಂದು ಎರೆಯಬೇಕಂತೆ, ಹಬ್ಬದ ದಿನ ಅವಳು ಬರುವವರೆಗೆ ತಾನು ಬಾಯಿಗೆ ನೀರೂ ಹಾಕುವುದಿಲ್ಲವಂತೆ. ಮುಂದಿನ ಪಂಚಮಿ ಯಾರು ಕಂಡಿದ್ದಾರೆ ಎಂದೂ ಹೇಳಿ ಕಳಿಸಿದ್ದಳು.

ರಾತ್ರಿ ಊಟಕ್ಕೆ ಕೂತಾಗ ಅವ್ವ ರೊಟ್ಟಿ ಬಡಿಸುತ್ತಾ, “ಪಂಚಮಿ ದಿನ ಗುಡೇಕೋಟಿಗೆ ಹೊಂಟೀನಿ. ಸ್ಕೂಟರ್ ಮ್ಯಾಲೆ” ಎಂದಳು.

“ಯಾರು ಕರಕೊಂಡು ಹೋಗ್ತಾರ?” ಅಪ್ಪ ಕೇಳಿದ.

“ನಾನ. ಬೇಕಾದ್ರ ಇಕಿ ಹಿಂದ ಕುಂದರ್ತಾಳ.”

ಅಣ್ಣನಿಗೆ ಪಿತ್ತ ನೆತ್ತಿಗೇರಿತು. ಆ ದಾರಿಯಲ್ಲಿ ಗುಡ್ಡ, ಕಲ್ಲು, ಕುರುಚಲು ಕಾಡು, ಕರಡಿ ಬೇರೆ ಇಳಿಯುತ್ತವೆ ಎಂದ. ತಾನು ಕರೆದುಕೊಂಡು ಹೋಗಬಹುದಿತ್ತು, ಆದರೆ ಹಬ್ಬದ ದಿನ ಗೆಳೆಯರ ಸಂಗಡ ಬೇರೆ ಕೆಲಸವಿದೆ ಎಂದೂ ಸೇರಿಸಿದ. ಅಪ್ಪ ಬಹಳ ಹೊತ್ತು ರೊಟ್ಟಿ ಮುರಿಯುತ್ತಾ ಕೂತ. ಕೊನೆಗೆ, “ಕಂಪನಿ ಗಾಡಿ, ದಾರ್ಯಾಗ ನಿಲ್ಲಂಗಿಲ್ಲ. ಹೋಗ್ಲಿ ಬಿಡು” ಎಂದ. ಅವ್ವನ ಮೇಲೆ ಅಲ್ಲದಿದ್ದರೂ ಕಂಪನಿಯ ಮೇಲಾದರೂ ಅವನಿಗೆ ನಂಬಿಕೆ ಇದ್ದದ್ದು ನಮ್ಮ ಪುಣ್ಯ.

ಹಬ್ಬದ ಬೆಳಗ್ಗೆ ಅವ್ವ ತಲೆಗೆ ಎರೆದುಕೊಂಡು, ಅಪ್ಪನ ಗಂಟಿನಿಂದಲೇ ತೆಗೆದ ಹಸಿರು ಖಣದ ಕುಪ್ಪಸ ತೊಟ್ಟಳು. ಶೇಂಗಾ ಉಂಡೆ, ಎಳ್ಳುಂಡೆ, ಜೋಳ ಹುರಿದ ಅಳ್ಳು ಎಲ್ಲಾ ಒಂದು ಬುಟ್ಟಿಗೆ, ಹಾಲು ಒಂದು ಸ್ಟೀಲಿನ ಡಬ್ಬಿಗೆ. ನಾವು ಹೊರಗೆ ಬರುವ ಹೊತ್ತಿಗೆ ಸ್ಕೂಟರ್ ಆಗಲೇ ಬಾಗಿಲ ಮುಂದೆ ರಸ್ತೆಗೆ ಮುಖ ಮಾಡಿ ನಿಂತಿತ್ತು. ಒರೆಸಿ, ಗಾಳಿ ನೋಡಿ, ಹ್ಯಾಂಡಲ್ಲಿಗೆ ಒಂದು ಮೊಳ ಮಲ್ಲಿಗೆ ಕಟ್ಟಿದ್ದ ಅಪ್ಪ. ಹಡಗಲಿ ಸಂತೆಯಿಂದ ತಂದದ್ದಂತೆ. ಕೀಲಿಯನ್ನು ನನ್ನ ಕೈಗೆ ಕೊಟ್ಟ. ನಾನು ಹೂವನ್ನು ನೋಡುತ್ತಾ ನಿಂತೆನೇ ಹೊರತು, ಬ್ಯಾಗಿನಲ್ಲಿರಬೇಕಾದ ಕೀಲಿ ಅವನ ಕೈಗೆ ಹೇಗೆ ಬಂತು ಎಂದು ಯೋಚಿಸಲಿಲ್ಲ.

ಅವ್ವ ಗಾಡಿ ಬಿಟ್ಟದ್ದನ್ನು ಓಣಿಯೆಲ್ಲ ನೋಡಿತು. ಊರು ದಾಟಿದ ಮೇಲೆ ಎರಡೂ ಕಡೆ ಶೇಂಗಾ ಹೊಲ, ಮೋಡ ಕವಿದ ತಣ್ಣನೆಯ ಗಾಳಿ. ಅವ್ವ ಎತ್ತಿನಗಾಡಿಗಿಂತ ತುಸು ಜೋರಾಗಿ, ಬಸ್ಸಿಗಿಂತ ಬಹಳ ನಿಧಾನವಾಗಿ ಹೊಡೆಯುತ್ತಿದ್ದಳು. ಎದುರಿಗೆ ಬಂದ ಎಮ್ಮೆಗಳಿಗೆಲ್ಲ ಹಾರ್ನ್ ಹಾಕಿದಳು, ದೂರದಲ್ಲಿ ಮೇಯುತ್ತಿದ್ದವಕ್ಕೂ ಹಾಕಿದಳು. ನನಗೆ ಹಿಂದೆ ಕೂತು ನಗು ಬರುತ್ತಿತ್ತು, ಹೆಮ್ಮೆಯೂ ಆಗುತ್ತಿತ್ತು. ಬಂಡೆಗಳ ಗುಡ್ಡ ಶುರುವಾಗುವಲ್ಲಿ ನನ್ನ ಮೂಗಿಗೆ ಏನೋ ವಾಸನೆ ಬಡಿಯಿತು. ತಿರುಗಿ ನೋಡಿದರೆ ನಮ್ಮ ಹಿಂದೆ ರಸ್ತೆಯೇ ಇಲ್ಲ, ನೀಲಿ ಹೊಗೆ. ಗಾಡಿ ಕೆಮ್ಮಿತು. ಇನ್ನೊಮ್ಮೆ ಕೆಮ್ಮಿತು. ಏರು ಅರ್ಧ ಹತ್ತಿ ನಿಂತೇಬಿಟ್ಟಿತು.

“ನಾನೇನು ಒತ್ತಬಾರದ್ದು ಒತ್ತಿದೆನೇನ?” ಅವ್ವನ ಮುಖ ಬಿಳಿಚಿಕೊಂಡಿತ್ತು. ಬಟನ್ ಒತ್ತಿದರೆ ಬರೀ ಗೊರಗೊರ ಶಬ್ದ. ನಾನು ಒತ್ತಿದೆ, ಅವಳು ಒತ್ತಿದಳು. ಹಾಲಿನ ಡಬ್ಬಿಯನ್ನು ಕಲ್ಲಿನ ನೆರಳಿಗೆ ಇಟ್ಟು, “ಅಕ್ಕ ನೀರೂ ಕುಡಿದಿರಂಗಿಲ್ಲ” ಎಂದಳು. ಅವ್ವ ಯಾವುದಕ್ಕೂ ಕಣ್ಣೀರು ಹಾಕುವವಳಲ್ಲ. ಅಂದು ಸೆರಗಿನಲ್ಲಿ ಮುಖ ಒರೆಸಿಕೊಂಡದ್ದು ಬೆವರಿಗೆ ಅಲ್ಲ.

ಅಷ್ಟರಲ್ಲಿ ಹಿಂದಿನಿಂದ ಪಟಪಟ ಸದ್ದು ಬಂತು. ಗಂಟುಗಳಿಲ್ಲದೆ ಬರೀ ಟೋಪಿ ಬರುತ್ತಿತ್ತು. ಅಪ್ಪ.

“ಹಂಗ ಈ ಕಡೆ ಬಂದಿದ್ದೆ” ಎಂದ. ಪಂಚಮಿಯ ದಿನ, ಸಂತೆಯಿಲ್ಲದ ಕಡೆ, ಆ ಬಂಡೆಗಳ ನಡುವೆ. ಕರಡಿಗಳಿಗೆ ಖಣ ಮಾರಲು ಬಂದಿರಬೇಕು ಎಂದುಕೊಂಡೆ. ನಮ್ಮ ಹಿಂದೆಯೇ, ಕಾಣದಷ್ಟು ದೂರದಲ್ಲಿ ಬಂದಿದ್ದಾನೆ ಎಂದು ತಿಳಿಯಲು ಹೆಚ್ಚು ಬುದ್ಧಿ ಬೇಕಿರಲಿಲ್ಲ.

ಗಾಡಿ ನಿಂತಿದೆ ಎಂದರೆ ಅವನು ನಂಬಲಿಲ್ಲ. “ಹೆಂಗ ನಿಲ್ತೈತಿ? ದೂರದ ದಾರಿ ಅಂತ ಮುಂಜಾನೆ ಎದ್ದು ನಾನ ಎಣ್ಣಿ ಹಾಕೀನಿ. ಯಾವಾಗ್ಲೂ ಹಾಕೋದಕ್ಕಿಂತ ಎರಡು ಮುಚ್ಚಳ ಜಾಸ್ತಿನ ಹಾಕೀನಿ.”

ನನಗೆ ಮೈಯೆಲ್ಲ ಉರಿಯಿತು. “ಆ ಸೇಲ್ಸ್‌ಮನ್ ಅಷ್ಟು ಬಡಕೊಂಡ್ನಲ್ಲೋ ಅಪ್ಪಾ, ಹಾಕಬ್ಯಾಡ್ರಿ ಅಂತ!” ಎಂದು ಕೂಗಿದೆ. ಅಪ್ಪ ನನ್ನ ಮಾತಿಗಿಂತ ಸೈಲೆನ್ಸರಿನ ವಾಸನೆಯನ್ನು ಹೆಚ್ಚು ನಂಬಿ, ಬಗ್ಗಿ ಮೂಸಿ, ಇದೇ ನೋಡು ನಮ್ಮ ಗಾಡಿಯ ವಾಸನೆ ಎನ್ನುವ ಹಾಗೆ ತಲೆಯಾಡಿಸಿದ. ಆಮೇಲೆ ಪ್ಲಗ್ ಬಿಚ್ಚಿದ. ಹಬ್ಬಕ್ಕೆ ಕರಿದ ಎಣ್ಣೆಯಲ್ಲಿ ಬಿದ್ದು ಸೀದ ಮೆಣಸಿನಕಾಯಿಯ ಹಾಗಿತ್ತು ಅದು. ಒರೆಸಿ ಹಾಕಿದ, ಬಟನ್ ಒತ್ತಿದ. ಮತ್ತೆ ಬಿಚ್ಚಿ ಒರೆಸಿದ. ಮೋಡ ಸರಿದು ಬಿಸಿಲು ಬಂತು. ದಾರಿಯಲ್ಲಿ ಒಮ್ಮೆಯೂ ನಿಲ್ಲದ ಬಸ್ಸಿನ ಮನೆತನದ ಕುಡಿ ಹೂವು ಮುಡಿದುಕೊಂಡು ಅಲ್ಲಾಡದೆ ನಿಂತಿತ್ತು.

ಕೊನೆಗೆ ಅಪ್ಪ ಎದ್ದು ಕೈ ಒರೆಸಿಕೊಂಡು ತೀರ್ಮಾನ ಹೇಳಿದ. “ಆಗಲಿ ಬಿಡು. ನಿಮ್ಮವ್ವನ್ನ ಹಿಂದ ಕೂಡಿಸ್ಕೊಂಡು ಮನಿಗೆ ಬಿಟ್ಟು ಬರ್ತೀನಿ. ಆಮ್ಯಾಲೆ ಇದರದು ನೋಡೋಣು. ಮುಂದಿನ ವರ್ಷ ಹೋದ್ರ ಆತು.”

ಮನೆಗೆ. ಮುಂದಕ್ಕೆ ಗುಡೇಕೋಟೆ, ಹಿಂದಕ್ಕೆ ಕೂಡ್ಲಿಗಿ, ನಾವು ನಿಂತದ್ದು ಅರ್ಧಕ್ಕಿಂತ ಮುಂದೆ. ಆದರೂ ಅವನ ಬಾಯಲ್ಲಿ ಬಂದದ್ದು ಮನೆ.

ಅವ್ವ ಆಗಲೇ ಮೊಪೆಡ್ಡಿನ ಪಕ್ಕಕ್ಕೆ ಹೋಗಿ ನಿಂತಿದ್ದಳು. ತಾನೇ ತೊಳೆದು ತೊಳೆದು ಬಣ್ಣ ಮಾಸಿದ ಗಾಡಿ ಅದು. ಈಗ ಅದನ್ನು ಬೇರೆ ಕಣ್ಣಿನಿಂದ ನೋಡುತ್ತಿದ್ದಳು. ಬಲಗೈ ಹಿಡಿಯನ್ನು ತಿರುವಿದಳು, ಬಿಟ್ಟಳು. ಎಡಗೈ ಬ್ರೇಕ್ ಹಿಡಿದಳು, ಬಲಗೈದು ಹಿಡಿದಳು. ಬಗ್ಗಿ ಕಾಲು ಇಡುವ ಜಾಗ ನೋಡಿದಳು, ಎರಡೂ ಕಡೆ ನೋಡಿದಳು.

“ಇದರ ಗೇರು ಎಲ್ಲೈತ್ರಿ?” ಎಂದಳು.

“ಯಾಕ?”

“ಎಲ್ಲೈತಿ ಅಂತ ಕೇಳಿದೆ.”

ಅಪ್ಪ ಕೈಯಲ್ಲಿದ್ದ ಪ್ಲಗ್ಗನ್ನು ಪಂಚೆಯ ಅಂಚಿಗೆ ಒರೆಸಿದ. ಒರೆಸಿದ್ದನ್ನೇ ಮತ್ತೊಮ್ಮೆ ಒರೆಸಿದ. “ಇದಕ್ಕ ಗೇರು ಅಂತ ಇರಂಗಿಲ್ಲ” ಎಂದ.

“ಕ್ಲಚ್ಚು?”

“ಅದೂ ಇಲ್ಲ. ಪೆಡಲ್ ತುಳಿದು ಚಾಲೂ ಮಾಡಿದ್ರ ಆತು. ಆಮ್ಯಾಲೆ ಕೈ ತಿರುವೋದು ಅಷ್ಟ.”

ಗೇರಿಲ್ಲದ್ದು ಅದೇನು ಗಾಡಿನಾ ಎಂದು ನನ್ನ ಸ್ಕೂಟರಿಗೆ ಮೂಗು ಮುರಿದವನು, ಗಾಡಿಗೆ ಒಂದು ಹದ ಇರುತ್ತದೆ ಎಂದವನು, ಇಪ್ಪತ್ತು ವರ್ಷ ಐದು ಊರಿನ ಸಂತೆಗಳನ್ನು ಗೇರಿಲ್ಲದೆಯೇ ಸುತ್ತಿದ್ದ. ನನಗೂ ಅದು ಆ ಕ್ಷಣದವರೆಗೆ ಹೊಳೆದಿರಲಿಲ್ಲ, ಯಾಕೆಂದರೆ ಅದನ್ನು ಹತ್ತಲು ನಮಗ್ಯಾರಿಗೂ ಬಿಟ್ಟಿರಲಿಲ್ಲ. ಕಂಪನಿಯ ವಂಶಾವಳಿಯನ್ನು ಬಸ್ಸಿನಿಂದ ಹಿಡಿದು ಸ್ಕೂಟರಿನವರೆಗೆ ಹೇಳುತ್ತಿದ್ದವನು ನಡುವಿನ ಈ ಒಂದು ಸಂಗತಿಯನ್ನು ಮಾತ್ರ ಯಾವ ನೆಂಟರಿಗೂ ಹೇಳಿರಲಿಲ್ಲ.

ಅವ್ವ ಸಿಟ್ಟು ಮಾಡಲಿಲ್ಲ. ಹಾಲಿನ ಡಬ್ಬಿ ತಂದು ಅಪ್ಪ ಸಣ್ಣ ಗಂಟು ಇಡುತ್ತಿದ್ದ ಜಾಗದಲ್ಲಿ ಇಟ್ಟಳು. ಉಂಡೆಯ ಬುಟ್ಟಿಯನ್ನು ಹಿಂದಿನ ಕ್ಯಾರಿಯರಿಗೆ ಅಪ್ಪನದೇ ಹಗ್ಗದಿಂದ ಬಿಗಿದಳು. ಸೆರಗು ಸಿಕ್ಕಿಸಿಕೊಂಡಳು.

“ಚಾಲೂ ಮಾಡಿ ಕೊಡ್ರಿ.”

“ಇದು ಹಂಗಲ್ಲ, ನೀನು...”

“ಮಾಡಿ ಕೊಡ್ರಿ.”

ಅಪ್ಪ ಸ್ಟ್ಯಾಂಡ್ ಹಾಕಿ ಪೆಡಲ್ ತುಳಿದ. ಗಾಡಿ ಒಂದೇ ತುಳಿತಕ್ಕೆ ಹೊತ್ತಿಕೊಂಡಿತು. ಅವ್ವ ಹತ್ತಿ ಕೂತಳು. ನಾನು ಹಿಂದೆ ಹೋದರೆ, “ನೀ ಬ್ಯಾಡ. ನಿಮ್ಮಪ್ಪನ ಸಂಗಡ ಇರು. ಒಬ್ಬರ ಇದ್ರ ಕರಡಿ ಬಂದಾವು” ಎಂದಳು. ಕೈ ತಿರುವಿದಳು. ಮೊದಲಿಗೆ ಒಂದು ಜೋಲಿ ಹೊಡೆಯಿತು, ಅಪ್ಪ ಎರಡು ಹೆಜ್ಜೆ ಓಡಿದ, ಅಷ್ಟರಲ್ಲಿ ನೆಟ್ಟಗಾಯಿತು. ಏರು ಹತ್ತಿ ಬಂಡೆಯ ಮಗ್ಗುಲಿಗೆ ಹೊರಳಿ ಕಾಣದಾಯಿತು. ಅದಕ್ಕೂ ಎಣ್ಣೆ ಹಾಕಿದ್ದನಲ್ಲ, ಹೊಗೆ ಸ್ವಲ್ಪ ಹೊತ್ತು ರಸ್ತೆಯ ಮೇಲೆ ನಿಂತಿತ್ತು.

ನಾನೂ ಅಪ್ಪನೂ ಸ್ಕೂಟರ್ ತಳ್ಳಿಕೊಂಡು ಬಂದೆವು. ಇಳಿಜಾರಿನಲ್ಲಿ ಅವನು ಮೇಲೆ ಕೂತ, ಏರಿನಲ್ಲಿ ನಾನು ಬೈದೆ. ಒಂದು ಟ್ರ್ಯಾಕ್ಟರ್ ಸಿಕ್ಕಿ ಗಾಡಿಯನ್ನೂ ನಮ್ಮನ್ನೂ ಟ್ರಾಲಿಗೆ ಹಾಕಿಕೊಂಡು ಬಂದು ಮನೆಯ ಮುಂದೆ ಇಳಿಸಿತು. ಬಸ್‌ಸ್ಟ್ಯಾಂಡಿನ ಮುಂದೆಯೇ ಹಾದು ಬಂದೆವು, ನಾಲ್ಕು ಜನ ಚೆನ್ನಾಗಿಯೇ ನೋಡಿದರು. ದಾರಿಯುದ್ದಕ್ಕೂ ಅಪ್ಪ ಕಂಪನಿಯ ಬಗ್ಗೆ ಏನೂ ಹೇಳಲಿಲ್ಲ. ಟ್ರ್ಯಾಕ್ಟರಿನವನೇ, “ಒಳ್ಳೆ ಕಂಪನಿ ಅಲ್ಲೇನ್ರಿ ಇದು?” ಎಂದು ಕೇಳಿದ. ಅಪ್ಪ ಕೇಳಿಸದವನ ಹಾಗೆ ಹೊಲ ನೋಡುತ್ತಾ ಕೂತ.

ಹೊತ್ತು ಇಳಿಯುವಾಗ ಪಟಪಟ ಸದ್ದು ಓಣಿಗೆ ಬಂತು. ಅಪ್ಪ ಕಟ್ಟೆಯಿಂದ ಎದ್ದು ನಿಂತ. ಅವ್ವ ಬಂದು ಅಂಗಳದಲ್ಲಿ, ಇಷ್ಟು ವರ್ಷ ತಾನು ತೊಳೆಯಲು ನಿಲ್ಲಿಸಿಕೊಳ್ಳುತ್ತಿದ್ದ ಜಾಗದಲ್ಲೇ ಗಾಡಿ ನಿಲ್ಲಿಸಿದಳು. ಕೈತುಂಬ ಹೊಸ ಹಸಿರು ಬಳೆ. ಬುಟ್ಟಿಯಲ್ಲಿ ಈಗ ತವರಿನ ಉಂಡೆಗಳಿದ್ದವು. ನನಗೊಂದು ಕೊಟ್ಟಳು, ಆಗಷ್ಟೇ ಗೆಳೆಯರನ್ನು ಬಿಟ್ಟು ಬಂದಿದ್ದ ಅಣ್ಣನಿಗೊಂದು ಕೊಟ್ಟಳು, ಅಪ್ಪನ ಕೈಯಲ್ಲಿ ಒಂದು ಇಟ್ಟಳು.

“ಹಾಲೆರೆದ್ರೇನು?” ಅಪ್ಪ ಕೇಳಿದ.

“ಕೂಡೇ ಎರೆದ್ವಿ. ಅಕ್ಕ ನನ್ನ ಹೆಗಲು ಹಿಡಕೊಂಡು ನಿಂತಿದ್ಲು.”

“ಏನಂದ್ಲು ನಿಮ್ಮಕ್ಕ?”

“ಇಷ್ಟು ಸನೇಕ ಇದ್ದು ಇಷ್ಟು ವರ್ಷ ಯಾಕ ಬರಲಿಲ್ಲ ಅಂತ ಕೇಳಿದ್ಲು.”

ಅಪ್ಪ ಉಂಡೆಯನ್ನು ಇನ್ನೊಂದು ಕೈಗೆ ಬದಲಿಸಿಕೊಂಡ. “ನೀ ಏನಂದಿ?”

ಅವ್ವ ಹಗ್ಗ ಬಿಚ್ಚಿ ಸುತ್ತಿ ಅವನ ಕೈಗೆ ಕೊಟ್ಟಳು. “ಮನ್ಯಾಗಿನ ಗಾಡಿಗೆ ಗೇರಿತ್ತಕ್ಕಾ, ಅಂದೆ” ಎಂದು ಹೇಳಿ ಒಳಗೆ ಹೋದಳು.

ಅಪ್ಪ ಆ ಉಂಡೆಯನ್ನು ಬಾಯಿಗೂ ಹಾಕಿಕೊಳ್ಳಲಿಲ್ಲ, ಕೆಳಗೂ ಇಡಲಿಲ್ಲ.